ಪ್ರಶ್ನೆ ಕೇಳುವುದೂ ಒಂದು ವಿದ್ಯೆ



ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೊಬ್ಬ ಹುಡುಗ ನನ್ನನ್ನು ಕೇಳಿದ: "ಆಂಟಿ, ನಿಮ್ಮ ತಂಗಿ ಮಗಳು ಪಬ್ಲಿಕ್ ಹೆಲ್ತ್ ಓದ್ತಿದ್ದಾಳಂತೆ. ಅದು ಮುನಿಸಿಪಾಲಿಟಿಯವರ ಕೆಲಸ ಅಲ್ವಾ? ಸೊಳ್ಳೆಗೆ ಹೊಗೆ ಬಿಡೋದು, ಗಟಾರ ತೊಳೆಸೋದು. ಅದಕ್ಕೆ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಕೂತು ಓದಬೇಕಾ?" ನನ್ನ ಕೈಯಲ್ಲಿ ತಟ್ಟೆ, ಹಿಂದೆ ಉದ್ದನೆಯ ಸಾಲು, ಮುಂದೆ ಬಡಿಸುವವರ ಅವಸರ. ಏನೋ ಒಂದು ಮಾತು ಹೇಳಿ ಜಾರಿಕೊಂಡೆ. ಮನೆಗೆ ಬಂದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಒಂದೂವರೆ ವರ್ಷದ ಹಿಂದೆ ಆ ಹುಡುಗಿ ನಮ್ಮ ಮನೆಗೆ ಸೂಟ್‌ಕೇಸ್ ತಂದಿಟ್ಟ ದಿನ ನಾನೂ ಅದನ್ನೇ ಕೇಳಿದ್ದೆ. ಈ ಸಲದ ಅಂಕಣ ಅವನಿಗಾಗಿ, ಅವನ ಹಾಗೆ ಯೋಚಿಸುತ್ತಿರುವ ನಿಮಗೆಲ್ಲರಿಗಾಗಿ.

ಮೊದಲು ನೀವು ದಿನಾ ಓಡಾಡುವ ನೆಲದಿಂದಲೇ ಶುರು ಮಾಡೋಣ. ನಮ್ಮ ಮಾಟುಂಗದ ಅಗಲ ರಸ್ತೆಗಳು, ಎರಡೂ ಬದಿಯ ಮರಗಳು, ಫೈವ್ ಗಾರ್ಡನ್ಸ್, ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ, ಇವೆಲ್ಲ ಯಾರೋ ಬರೀ ಅಂದಕ್ಕೆಂದು ಮಾಡಿದ್ದಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಶಿಯೊ ವಿಯೇಗಸ್ ಎಂಬ ವೈದ್ಯರು ಪ್ಲೇಗ್ ರೋಗವನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಜನ ಗಂಟುಮೂಟೆ ಕಟ್ಟಿಕೊಂಡು ಮುಂಬಯಿ ಬಿಟ್ಟು ಓಡತೊಡಗಿದರು. ಕತ್ತಲೆ ಕೋಣೆಗಳ, ಉಸಿರುಗಟ್ಟುವ ಚಾಳುಗಳ ಈ ಊರನ್ನು ಸ್ವಲ್ಪ ಸಡಿಲ ಮಾಡಬೇಕೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಹಾಕಿಕೊಂಡ ಯೋಜನೆಗಳಿಂದ ದಾದರ್, ಮಾಟುಂಗ ಬಡಾವಣೆಗಳು ಎದ್ದವು. ಮುಂದೆ ನಮ್ಮ ಹಿರಿಯರು ಮೈಸೂರು, ಮಂಗಳೂರು ಕಡೆಯಿಂದ ರೈಲಿಳಿದು ಬಂದು ಇಲ್ಲಿ ಬಾಡಿಗೆ ಮನೆ ಹಿಡಿದರು. ಅಂದರೆ ನಾವೆಲ್ಲ ಪ್ಲೇಗ್ ಮಾರಿ ಕಟ್ಟಿಸಿಕೊಟ್ಟ ಬಡಾವಣೆಯ ಒಕ್ಕಲುಗಳು! ಒಂದು ತಮಾಷೆ ನೋಡಿ. ಆಗಿನ ದೊಡ್ಡವರಲ್ಲಿ ಹೆಚ್ಚಿನವರು ಕೊಳಕು, ಕೆಟ್ಟ ಗಾಳಿಯೇ ಪ್ಲೇಗಿಗೆ ಕಾರಣವೆಂದು ನಂಬಿದ್ದರು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂದು ಎಲ್ಲರೂ ಒಪ್ಪಲು ಮತ್ತೂ ಕೆಲವು ವರ್ಷ ಬೇಕಾದವು. ಕಾರಣ ತಪ್ಪಾಗಿ ಹಿಡಿದರೂ ಬಡಾವಣೆ ಮಾತ್ರ ಚೆನ್ನಾಗಿ ಕಟ್ಟಿದರು. ಎಲ್ಲ ತಪ್ಪುಗಳೂ ಇಷ್ಟು ಒಳ್ಳೆಯ ಫಲ ಕೊಡುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ತಂಗಿಯ ಮಗಳು ಓದುತ್ತಿರುವುದು ನಗರದ ಒಂದು ವಿಶ್ವವಿದ್ಯಾಲಯದಲ್ಲಿ. ಸಾರ್ವಜನಿಕ ಆರೋಗ್ಯವೆಂದರೆ ಔಷಧಗಳ ಹೆಸರು, ರೋಗಗಳ ಲಕ್ಷಣ ಬಾಯಿಪಾಠ ಮಾಡುತ್ತಾಳೆ ಅಂದುಕೊಂಡಿದ್ದೆ. ಮೊದಲ ವರ್ಷ ಅವಳು ಹೆಚ್ಚಾಗಿ ತಲೆ ಕೆಡಿಸಿಕೊಂಡದ್ದು "ರೀಸರ್ಚ್ ಮೆಥಡ್ಸ್" ಎಂಬ ವಿಷಯದ ಮೇಲೆ. ಸಂಶೋಧನೆ ಮಾಡುವ ಕ್ರಮ. ಒಬ್ಬ ಡಾಕ್ಟರು ಒಬ್ಬ ರೋಗಿಯನ್ನು ನೋಡುತ್ತಾರೆ; ಇವರು ಒಂದು ಊರನ್ನೇ ರೋಗಿಯೆಂದು ತಿಳಿದು ನೋಡಬೇಕು. ಊರಿನ ನಾಡಿ ಹಿಡಿಯುವುದು ಹೇಗೆ? ಯಾರನ್ನು ಕೇಳಬೇಕು, ಎಷ್ಟು ಜನರನ್ನು ಕೇಳಬೇಕು, ಏನೆಂದು ಕೇಳಬೇಕು, ಅವರು ಹೇಳಿದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು? ಇದಕ್ಕೆಲ್ಲ ಒಂದು ಶಾಸ್ತ್ರವಿದೆ ಎಂದು ನನಗೆ ಗೊತ್ತಿರಲಿಲ್ಲ.

ಎಲ್ಲ ದೇಶಗಳಲ್ಲೂ ಈ ಪಾಠ ಲಂಡನ್ನಿನ ಜಾನ್ ಸ್ನೋ ಎಂಬವರ ಕಥೆಯಿಂದ ಆರಂಭವಾಗುತ್ತದಂತೆ. 1854ರಲ್ಲಿ ಕಾಲರಾ ಬಂದಾಗ ಅವರು ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋಗಿ, ಒಂದೇ ಬೀದಿಯ ನೀರಿನ ಪಂಪಿನ ಕಡೆಗೆ ಬೆರಳು ತೋರಿಸಿದರು. ಒಳ್ಳೆಯ ಕಥೆಯೇ. ಆದರೆ ಲಂಡನ್ನಿಗೆ ಯಾಕೆ ಹೋಗಬೇಕು, ಇಲ್ಲಿಂದ ಎರಡು ಮೈಲಿ ದೂರದ ಪರೇಲಿನಲ್ಲೇ ಇದೆಯಲ್ಲ ಎಂದು ನಾನು ವಾದ ಹೂಡಿದೆ. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಬೋರ್ಡನ್ನು ನೀವು ನೋಡಿರಬಹುದು. ವಾಲ್ಡೆಮರ್ ಹಾಫ್‌ಕಿನ್ ಒಡೆಸ್ಸಾದಲ್ಲಿ ಹುಟ್ಟಿದವರು. ಪ್ಲೇಗ್ ಬಂದ ವರ್ಷವೇ ಮುಂಬಯಿಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಮೂಲೆಯಲ್ಲಿ ಕುಳಿತು ಪ್ಲೇಗಿಗೆ ಚುಚ್ಚುಮದ್ದು ತಯಾರಿಸಿದರು. 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ತಾವಾಗಿಯೇ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಮದ್ದು ಹಾಕಿದರು. ಹಾಕಿಸಿಕೊಂಡವರಲ್ಲಿ ರೋಗ ಬಂದದ್ದು ಕಡಿಮೆ.

"ಆಯ್ತಲ್ಲ, ಮದ್ದು ಕೆಲಸ ಮಾಡಿತು," ಎಂದೆ. ಹುಡುಗಿ ತಲೆಯಾಡಿಸಿದಳು. "ಮುಂದೆ ಬಂದವರು ಎಂಥವರು, ದೊಡ್ಡಮ್ಮ? ಧೈರ್ಯಸ್ಥರೋ, ಗಟ್ಟಿಮುಟ್ಟಾದವರೋ ಇರಬಹುದಲ್ಲ? ಅವರಿಗೆ ಮದ್ದು ಹಾಕದಿದ್ದರೂ ರೋಗ ಕಡಿಮೆಯೇ ಬರುತ್ತಿತ್ತೋ ಏನೋ?" ಹಾಫ್‌ಕಿನ್ ಅವರಿಗೂ ಈ ಸಂಶಯ ಹೊಸದಾಗಿರಲಿಲ್ಲ ಅನ್ನಿಸುತ್ತದೆ. 1898ರಲ್ಲಿ ಬಡೋದೆಯ ಹತ್ತಿರ ಉಂಧೇರಾ ಎಂಬ ಹಳ್ಳಿಯಲ್ಲಿ ಅವರು ಬೇರೆ ದಾರಿ ಹಿಡಿದರು. ಪ್ರತಿಯೊಂದು ಮನೆಯಲ್ಲೂ ಸುಮಾರು ಅರ್ಧ ಜನಕ್ಕೆ ಮದ್ದು, ಉಳಿದರ್ಧಕ್ಕೆ ಇಲ್ಲ. ಒಂದೇ ಸೂರು, ಒಂದೇ ನೀರು, ಒಂದೇ ಊಟ. ಮುಂದೆ ಪ್ಲೇಗ್ ಹೊಕ್ಕ 28 ಮನೆಗಳ ಲೆಕ್ಕ ಹೀಗಿದೆ: ಮದ್ದು ಹಾಕಿಸಿಕೊಂಡ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂತು, 3 ಮಂದಿ ತೀರಿಕೊಂಡರು. ಹಾಕಿಸಿಕೊಳ್ಳದ 64 ಮಂದಿಯಲ್ಲಿ 27 ಮಂದಿಗೆ ರೋಗ ಬಂತು, 26 ಮಂದಿ ತೀರಿಕೊಂಡರು. ಅದೇ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಸಾವಿರಾರು ಜನ ಈ ಮದ್ದು ಹಾಕಿಸಿಕೊಂಡರು.

ಆ ಅಂಕಿಗಳನ್ನು ಓದಿದಾಗ ಹುಡುಗಿಗೆ ಸಂತೋಷ. ಹೋಲಿಕೆ ಎಷ್ಟು ಸ್ವಚ್ಛವಾಗಿದೆ ನೋಡು ಎಂದಳು. ನನಗೆ ಮಾತ್ರ ಆ 26 ಗಂಟಲಲ್ಲಿ ಸಿಕ್ಕಿಕೊಂಡಿತು. ಒಂದು ಮನೆಯಲ್ಲಿ ಅಕ್ಕನಿಗೆ ಮದ್ದು, ತಮ್ಮನಿಗೆ ಇಲ್ಲ. ಆ ತಾಯಿಗೆ ಯಾರು ಏನು ಹೇಳಿದ್ದರೋ. ಅಂದಿಗೆ ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಖಚಿತವಿರಲಿಲ್ಲ, ಖಚಿತ ಮಾಡಿಕೊಂಡದ್ದರಿಂದಲೇ ಮುಂದೆ ಎಷ್ಟೋ ಜನ ಉಳಿದರು, ಇದೆಲ್ಲ ಸರಿ. ಈ ವಿಷಯದಲ್ಲಿ ನಾವಿಬ್ಬರೂ ರಾತ್ರಿ ಹನ್ನೊಂದರವರೆಗೆ ಜಗಳವಾಡಿದೆವು. ಈಗಲೂ ಪೂರಾ ಒಪ್ಪಂದವಾಗಿಲ್ಲ. ಇಂದು ಇಂಥ ಕೆಲಸಕ್ಕೆ ಮೊದಲು ನೀತಿ ಸಮಿತಿಯ ಒಪ್ಪಿಗೆ ಬೇಕು, ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ವಿವರಿಸಿ ಅವರ ಸಮ್ಮತಿ ಪಡೆಯಬೇಕು, ಬೇಡವೆಂದರೆ ಅಲ್ಲಿಗೇ ಬಿಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನಿಯಮಾವಳಿ ಅವಳ ಮೇಜಿನ ಮೇಲೇ ಇದೆ. ನಾನು ಅದರ ಕೆಲವು ಪುಟ ತಿರುವಿ ಹಾಕಿ, ಸ್ವಲ್ಪ ಸಮಾಧಾನ ಮಾಡಿಕೊಂಡೆ.

ಇನ್ನು ಯಾರನ್ನು ಕೇಳಬೇಕು ಎಂಬ ಮಾತು. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಿಜ, ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ತರಹ ಬೆಂದಿದ್ದರೆ. ಹುಳಿಯನ್ನು ಸೌಟು ಹಾಕಿ ಕದಡದೆ ಮೇಲಿನ ತಿಳಿಯನ್ನಷ್ಟೇ ರುಚಿ ನೋಡಿದರೆ ಉಪ್ಪು ಕಡಿಮೆಯೆಂದು ಮತ್ತೊಂದು ಚಮಚ ಹಾಕಿಬಿಡುತ್ತೀರಿ. ಆಮೇಲೆ ಊಟಕ್ಕೆ ಕೂತವರ ಮುಖ ನೋಡುವಂತಿರುವುದಿಲ್ಲ. ಕದಡುವುದನ್ನು ಇವರ ಶಾಸ್ತ್ರದಲ್ಲಿ ಚೀಟಿ ಎತ್ತಿದ ಹಾಗೆ ಆಯ್ಕೆ ಮಾಡುವುದು ಎನ್ನುತ್ತಾರೆ. ಎಲ್ಲ ಮನೆಗಳ ಪಟ್ಟಿ ಮಾಡಿ, ಯಾವ ಮನೆಗೆ ಹೋಗಬೇಕೆಂಬುದನ್ನು ನಿಮ್ಮ ಇಷ್ಟಕ್ಕೆ ಬಿಡದೆ ಚೀಟಿಗೆ ಬಿಡುವುದು.

ಇದನ್ನು ಕಲಿಯುತ್ತಿದ್ದಾಗ ಅವಳು ಕಪಾಟಿನಲ್ಲಿದ್ದ ನನ್ನ ಹಳೆಯ ಲೇಖನವೊಂದನ್ನು ಹುಡುಕಿ ತೆಗೆದಳು. ಹಿಂದೊಮ್ಮೆ ನಾಟಕಕ್ಕೆ ಬಂದಿದ್ದ ಹುಡುಗ ಹುಡುಗಿಯರನ್ನು ನಿಲ್ಲಿಸಿ, ಮನೆಯಲ್ಲಿ ಕನ್ನಡ ಮಾತಾಡುತ್ತೀರಾ ಎಂದು ಕೇಳಿ, ಹೆಚ್ಚುಕಡಿಮೆ ಎಲ್ಲರೂ ಹೌದೆಂದರು, ಮುಂಬಯಿಯಲ್ಲಿ ಕನ್ನಡಕ್ಕೇನೂ ಭಯವಿಲ್ಲ ಎಂದು ಬರೆದಿದ್ದೆ. "ದೊಡ್ಡಮ್ಮ, ಕನ್ನಡ ನಾಟಕಕ್ಕೆ ಬಂದವರನ್ನೇ ಕೇಳಿದ್ದೀಯಲ್ಲ! ಬಾರದೆ ಮನೆಯಲ್ಲಿ ಕೂತವರನ್ನು ಯಾರು ಕೇಳಿದರು?" ಎಂದಳು. ಆ ಲೇಖನವನ್ನು ಆಗ ಹಲವರು ಹೊಗಳಿದ್ದರು. ಈಗ ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಅವಳ ಮೊದಲ ಸ್ವಂತ ಕೆಲಸ ಚಿಕ್ಕದು. ಕೆಮ್ಮಿನ ಬಗ್ಗೆ ಒಂದು ಪ್ರಶ್ನಾವಳಿ ತಯಾರಿಸಿ, ಹದಿನೈದು ಮನೆಗಳಲ್ಲಿ ಕೇಳಿ, ಪ್ರಶ್ನೆಗಳು ಸರಿಯಿವೆಯೇ ಎಂದು ಪರೀಕ್ಷಿಸಬೇಕು. ಉತ್ತರಗಳನ್ನಲ್ಲ, ಪ್ರಶ್ನೆಗಳನ್ನು ಪರೀಕ್ಷಿಸುವುದು! ನಮ್ಮಿಂದ ಕೂಗಳತೆಯಲ್ಲಿರುವ ಲೇಬರ್ ಕ್ಯಾಂಪಿನ ಆಚೆ, ಧಾರಾವಿಯ ಒಂದು ಗಲ್ಲಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯ ಜನ ಇದ್ದಾರೆ. ಗಂಡಸರು ಹೆಂಗಸರು ಎಲ್ಲ ಬೆಳಿಗ್ಗೆ ನಾಕಾದಲ್ಲಿ ನಿಂತು ಕಟ್ಟಡದ ಕೂಲಿಗೆ ಹೋಗುವವರು. ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ಮಾಡುವವರು ಯಾರು? ನಾನು ಇದ್ದೇನಲ್ಲ! ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು, ಈ ಪತ್ರಿಕೆಗೆ ಇಷ್ಟು ವರ್ಷದಿಂದ ಬರೆಯುತ್ತಿರುವವಳು. ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಕೊಟ್ಟೆ.

ಅವರ ಕ್ರಮದಲ್ಲಿ, ಒಬ್ಬರು ಕನ್ನಡಕ್ಕೆ ಮಾಡಿದ್ದನ್ನು ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತರಬೇಕು. ಎರಡು ಇಂಗ್ಲಿಷುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೂಲದಲ್ಲಿ "ಹೌಸ್‌ಹೋಲ್ಡ್" ಎಂದಿದ್ದ ಕಡೆ ನಾನು ಕುಟುಂಬ ಎಂದು ಬರೆದಿದ್ದೆ. ತಿರುಗಿ ಬಂದದ್ದು "ಫ್ಯಾಮಿಲಿ". ಒಂದೇ ಅಲ್ಲವೇ ಎಂದರೆ ಅಲ್ಲ. ಒಂದೇ ಊರಿನ ಆರು ಜನ ಹುಡುಗರು ಒಂದು ಖೋಲಿಯಲ್ಲಿದ್ದು ಒಟ್ಟಿಗೆ ಅಡಿಗೆ ಮಾಡಿಕೊಂಡರೆ ಅವರು ಕುಟುಂಬವಲ್ಲ, ಆದರೆ ಲೆಕ್ಕಕ್ಕೆ ಒಂದು ಮನೆ. ನಮ್ಮ ಹಿಂದಿನವರ ಮಾತಿನಲ್ಲಂತೂ ಕುಟುಂಬವೆಂದರೆ ಹೆಂಡತಿ! ನಿಮ್ಮ ಕುಟುಂಬದಲ್ಲಿ ಎಷ್ಟು ಜನ ಎಂದರೆ ನಮ್ಮ ತಾತ ಏನು ಉತ್ತರ ಕೊಡುತ್ತಿದ್ದರೋ. ಕೊನೆಗೆ ಆ ಗಲ್ಲಿಯ ಒಬ್ಬ ಮುದುಕಿಯೇ ನಮಗೆ ಮಾತು ಕೊಟ್ಟಳು: "ಒಂದೇ ಒಲಿ ಮ್ಯಾಲ ಅಡಗಿ ಆಗೋರು ಎಷ್ಟು ಮಂದಿ ಅಂತ ಕೇಳ್ರಿ." ನಿಘಂಟಿನಲ್ಲಿ ಇದು ಸಿಕ್ಕುವುದಿಲ್ಲ. ನಾನು ಬರೆದ "ಚಿಕಿತ್ಸೆ"ಯೂ ಅಲ್ಲಿ ನಡೆಯಲಿಲ್ಲ. "ಎಣ್ಣಿ ಔಷಧ ತಗೊಂಡ್ರೇನು?" ಎಂದಾಗ ಮುಖಗಳು ಬೆಳಗಿದವು.

ಭಾನುವಾರವೇ ಹೋದೆವು. ವಾರದ ದಿನ ಹೋದರೆ ಮನೆಯಲ್ಲಿ ಸಿಗುವವರು ಮುದುಕರು, ಬಾಣಂತಿಯರು. ಅವರನ್ನಷ್ಟೇ ಕೇಳಿ ಬಂದರೆ ಅದೂ ನನ್ನ ನಾಟಕದ ಲೇಖನದ ಹಾಗೆಯೇ. ಮೊದಲ ಮನೆಯಲ್ಲೇ ನಾನು ಎಡವಿದೆ. ಹಾಳೆಯಲ್ಲಿದ್ದದ್ದು, ಕೆಮ್ಮು ಬಂದಾಗ ಏನು ಮಾಡುತ್ತೀರಿ ಎಂದು. ನಾನು ಸಲಿಗೆಯಿಂದ, "ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀತೀರಲ್ವೇನಮ್ಮಾ?" ಎಂದುಬಿಟ್ಟೆ. "ಹೂಂ ರೀ, ಹಿಡೀತೀವ್ರಿ," ಎಂದರು. ಹಿಡಿಯುವುದಿಲ್ಲವೆಂದು ಯಾರು ಹೇಳುತ್ತಾರೆ, ಇಸ್ತ್ರಿ ಸೀರೆ ಉಟ್ಟು ಬಂದ ಹೆಂಗಸಿನ ಎದುರಿಗೆ? ಹುಡುಗಿ ಆ ಸಾಲಿನ ಮೇಲೆ ಗೀಟು ಎಳೆದಳು. ಹೊರಗೆ ಬಂದ ಮೇಲೆ, "ದೊಡ್ಡಮ್ಮ, ಉತ್ತರಾನೂ ನೀನೇ ಹೇಳಿಬಿಟ್ಯಲ್ಲ," ಎಂದಳು. ಅವಳ ಸ್ವರದಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು.

ಏಳನೆಯ ಮನೆಯಲ್ಲಿ ಒಬ್ಬಳು ಹೆಂಗಸು. ಅವಳ ಹೆಸರು ಬರೆಯುವುದಿಲ್ಲ, ಗುರುತು ಸಿಗುವ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವಳ ಒಪ್ಪಿಗೆಯನ್ನೂ ಪಡೆದಿದ್ದೇನೆ. ಮೂವತ್ತೈದರ ಆಸುಪಾಸು. ಮುಂಬಯಿಗೆ ಬಂದು ಹತ್ತು ವರ್ಷ ಮೀರಿದೆ, ಮುಕಾದಮನ ಹತ್ತಿರ ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡುತ್ತಾಳೆ. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದಾಗ, ಪಂಚಮಿ ಹಬ್ಬದ ಮುಂಚಿನಿಂದ ಎಂದಳು. ಲೆಕ್ಕ ಹಾಕಿದರೆ ಎರಡು ತಿಂಗಳು. ಮುಂದಿನ ಪ್ರಶ್ನೆ ಹುಡುಗಿ ಓದಿದಳು, ನನ್ನ ಸುಂದರವಾದ ಭಾಷಾಂತರದಲ್ಲಿ: ಎರಡು ವಾರಕ್ಕೂ ಹೆಚ್ಚು ಕಾಲ ಕೆಮ್ಮಿದ್ದರೂ ನೀವು ಡಾಕ್ಟರ ಹತ್ತಿರ ಏಕೆ ಹೋಗಲಿಲ್ಲ? ಕೆಳಗೆ ಗುರುತು ಹಾಕಲು ಚೌಕಗಳು. ಹಣವಿಲ್ಲ. ಸಮಯವಿಲ್ಲ. ತಿಳಿವಳಿಕೆಯಿಲ್ಲ. ಇತರೆ.

ಆ ಹೆಂಗಸು ನಮ್ಮಿಬ್ಬರ ಮುಖವನ್ನೂ ನೋಡಿದಳು. "ಹೋಗಿದ್ನಲ್ರೀ ಯಕ್ಕಾ! ಮೂರು ಸಲ ಹೋಗೀನಿ. ಹೋಗಿಲ್ಲ ಅಂತ ಯಾರಂದ್ರು ನಿಮಗ?"

ಎದ್ದು ಹೋಗಿ ಗೂಡಿನಿಂದ ಮೂರು ಬಾಟಲಿ ತಂದು ಮುಂದಿಟ್ಟಳು. ಕೆಂಪು ಕೆಮ್ಮಿನ ಔಷಧದ ಬಾಟಲಿಗಳು. ಚೆನ್ನಾಗಿ ತೊಳೆದು ಒಂದರಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಫಿನಾಯಿಲ್ ತುಂಬಿಸಿದ್ದಳು, ಮೂರನೆಯದು ಖಾಲಿ. ಪ್ರತಿ ಸಲವೂ ಅರ್ಧ ದಿನದ ಕೂಲಿ ಬಿಟ್ಟು ಹೋಗಿದ್ದಾಳೆ. ಪ್ರತಿ ಸಲವೂ ಒಂದು ಬಾಟಲಿ ಕೊಟ್ಟು ಕಳಿಸಿದ್ದಾರೆ. ಕಫ ಪರೀಕ್ಷೆ ಮಾಡಿಸು ಎಂದು ಯಾರೂ ಹೇಳಿಲ್ಲ. ಹುಡುಗಿ ಪೆನ್ನು ಹಿಡಿದು ಕೂತಳು. ಯಾವ ಚೌಕಕ್ಕೆ ಗುರುತು ಹಾಕುವುದು? "ನಾನು ಹೋದೆ, ನೀವು ನೋಡಲಿಲ್ಲ" ಎಂಬ ಚೌಕವೇ ಅದರಲ್ಲಿ ಇರಲಿಲ್ಲ. ಇನ್ನೂ ಹದಿನೈದು ಮನೆಗಳಿಗಲ್ಲ, ಹದಿನೈದು ಸಾವಿರ ಮನೆಗಳಿಗೆ ಹೋಗಿದ್ದರೂ ಆ ಹಾಳೆ, ಬಡವರಿಗೆ ತಿಳಿವಳಿಕೆಯಿಲ್ಲ, ಅವರಿಗೆ ಬುದ್ಧಿ ಹೇಳಬೇಕು ಎಂದೇ ವರದಿ ಕೊಡುತ್ತಿತ್ತು. ಅಂಕಿ ಅಂಶಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಪ್ರಶ್ನೆಯೇ ಸುಳ್ಳು ಹೇಳುತ್ತಿತ್ತು.

ಹುಡುಗಿ ಹಾಳೆಯನ್ನು ಮಡಿಸಿಟ್ಟು, "ಅಕ್ಕಾ, ನೀವೇ ಹೇಳಿ, ಏನೇನಾಯ್ತು?" ಎಂದಳು. ಆಗ ಅವಳು ಹೇಳಿದಳು. "ರಾತ್ರಿ ಮಲಗಿದ್ರ ಎದಿ ಗರ್ ಗರ್ ಅಂತದ. ಸಂಜಿ ಆದ್ರ ಮೈ ಬೆಚ್ಚಗಾಗ್ತದ. ಉಣ್ಣಾಕ ಮನಸೇ ಆಗಲ್ಲ." ಡಾಕ್ಟರ ಹತ್ತಿರ ಹಿಂದಿಯಲ್ಲಿ ಏನು ಹೇಳಿದೆ ಎಂದು ಕೇಳಿದೆ. "ಖಾಂಸೀ ಹೈ ಅಂದೆ. ಅಷ್ಟೇ ಬರ್ತದ ನಂಗ." ಕೂಲಿ ಲೆಕ್ಕಕ್ಕೆ, ಬಸ್ಸಿಗೆ, ಬಜಾರಕ್ಕೆ ಸಾಕಾಗುವ ಹಿಂದಿ ಅವಳಿಗೆ ಬರುತ್ತದೆ. ಮೈಯ ಸಂಕಟ ಹೇಳಿಕೊಳ್ಳುವುದಕ್ಕೆ ಅದು ಸಾಲದು. ನನ್ನ ತಂಗಿಯ ಮಗಳ ಕನ್ನಡವೂ ನಿಮ್ಮದರ ಹಾಗೇ, ಮನೆಯಲ್ಲಿ ಆಡಿ ಕಲಿತದ್ದು. ಓದುವಾಗ ಒತ್ತಕ್ಷರಗಳಲ್ಲಿ ಮುಗ್ಗರಿಸುತ್ತಾಳೆ. ಅಷ್ಟೇ ಕನ್ನಡದಿಂದ ಆ ಹೊತ್ತು ಆ ಮಾತುಗಳು ಹೊರಬಂದವು.

ಆ ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಅವಳ ಅಧ್ಯಾಪಕರು ನಡೆದದ್ದನ್ನು ಕೇಳಿ ನಕ್ಕು, ಅರವತ್ತು ವರ್ಷದ ಹಿಂದಿನ ಒಂದು ಸಂಶೋಧನಾ ಲೇಖನ ಕೊಟ್ಟರಂತೆ. ಅದನ್ನು ನಾನೂ ಓದಿದೆ. ಅದು ನಮ್ಮ ತುಮಕೂರಿನ ಕಥೆ!

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಕ್ಷಯ ದೇಶದಲ್ಲಿ ಎಷ್ಟಿದೆ, ಅದಕ್ಕೆ ಏನು ಮಾಡಬೇಕು ಎಂದು ತಿಳಿಯಲು 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್-ರೇ ತೆಗೆದು, ಕಫ ಪರೀಕ್ಷೆ ಮಾಡಿ ದೊಡ್ಡ ಸಮೀಕ್ಷೆ ನಡೆಸಿದರು. ಆಗ ಬಲ್ಲವರಲ್ಲಿ ಒಂದು ನಂಬಿಕೆಯಿತ್ತು. ಹಳ್ಳಿಯವರಿಗೆ ತಮಗೆ ರೋಗವಿದೆಯೆಂಬುದೇ ತಿಳಿಯದು, ತಿಳಿದರೂ ಡಾಕ್ಟರ ಹತ್ತಿರ ಬರುವುದಿಲ್ಲ. ಆದ್ದರಿಂದ ಎಕ್ಸ್-ರೇ ವ್ಯಾನುಗಳನ್ನು ಕೊಂಡು ಊರೂರಿಗೆ ಹೋಗಿ ರೋಗಿಗಳನ್ನು ಹುಡುಕಬೇಕು. ಆ ಸಂಸ್ಥೆಯಲ್ಲಿದ್ದ ದೇವಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಒಂದು ಸರಳವಾದ ಕೆಲಸ ಮಾಡಿದರು. ಸಮೀಕ್ಷೆಯಲ್ಲಿ ಕ್ಷಯದ ಗುರುತು ಸಿಕ್ಕಿದವರ ಮನೆಗಳಿಗೆ ಹೋಗಿ, ನಿಮಗೆ ಏನಾಗುತ್ತಿದೆ, ಅದಕ್ಕೆ ನೀವೇನು ಮಾಡಿದಿರಿ ಎಂದು ವಿಚಾರಿಸಿದರು. ಹೋಲಿಕೆಗಾಗಿ ರೋಗವಿಲ್ಲದವರನ್ನೂ ವಿಚಾರಿಸಿದರು. ಕೆಮ್ಮು ಎಲ್ಲರಿಗೂ ಬರುವುದಲ್ಲವೇ? ಹೋಲಿಸದಿದ್ದರೆ ಯಾವುದು ರೋಗದ್ದು, ಯಾವುದು ನೆಗಡಿಯದ್ದು ಎಂದು ಹೇಗೆ ತಿಳಿಯಬೇಕು?

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಅವರ ಲೇಖನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂಬುದು ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ಹತ್ತಿರದ ಆಸ್ಪತ್ರೆಯೋ ಆರೋಗ್ಯ ಕೇಂದ್ರವೋ ಇದ್ದಲ್ಲಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಔಷಧ. ವ್ಯಾನಿಗೆ ದುಡ್ಡು ಸುರಿದು ಅಡವಿ ಅಡವಿ ತಿರುಗಿ ರೋಗಿಗಳನ್ನು ಹುಡುಕುವ ಮೊದಲು, ತಾವಾಗಿಯೇ ಬಾಗಿಲಿಗೆ ಬಂದವರ ಕಫವನ್ನಾದರೂ ಒಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕಿತ್ತು. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು 1962ರಿಂದ ರೂಪಿಸಿದ್ದು ಈ ತಿಳಿವಳಿಕೆಯ ಮೇಲೆಯೇ: ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಅಲ್ಲೇ ಮದ್ದು. ತುಮಕೂರಿನ ರೈತರು ಕೊಟ್ಟ ಉತ್ತರ ಹೊರಗಿನ ಎಷ್ಟೋ ದೇಶಗಳಿಗೂ ದಾರಿಯಾಯಿತು. ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಕೀಯದ ಕೇಂದ್ರವನ್ನೇ ಕಟ್ಟಿದರು.

ತುಮಕೂರಿಗೆ ನಾನು ನೂರು ಸಲ ಹೋಗಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ ತಟ್ಟೆ ಇಡ್ಲಿ ತಿಂದಿದ್ದೇನೆ. ಇಂಥದ್ದೊಂದು ಅಲ್ಲಿ ನಡೆಯಿತೆಂದು ಯಾರೂ ಹೇಳಿರಲಿಲ್ಲ. ಓದಿ ಮುಗಿಸಿದಾಗ ಹೆಮ್ಮೆಯಾಯಿತು. ಕೂಡಲೇ ಆ ಮೂರು ಬಾಟಲಿಗಳ ನೆನಪಾಗಿ ಹೆಮ್ಮೆ ಇಳಿಯಿತು. ಅರವತ್ತು ವರ್ಷದ ಹಿಂದೆ ಗೊತ್ತಾದದ್ದನ್ನು ಕಲಿಯದವರು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದ್ದಾರೆ.

ಸಂಶೋಧನೆಗೆ ಹ���ದವರು ಬರೆದುಕೊಂಡು ಬಂದರೆ ಸಾಕೇ ಎಂದು ನೀವು ಕೇಳಬಹುದು. ಆ ಹೆಂಗಸೂ ಕೇಳಿದ್ದಳು, "ಬರಕೊಂಡು ಹೋಗಿ ನಮಗೇನು ಕೊಡ್ತೀರಿ?" ಎಂದು. ಕಷ್ಟದ ಪ್ರಶ್ನೆ. ಹುಡುಗಿ ಏನನ್ನೂ ಕೊಡುವುದಾಗಿ ಹೇಳಲಿಲ್ಲ, ಹೇಳಬಾರದು ಕೂಡ. ಆದರೆ ರೋಗದ ಸಂಶಯ ಬಂದರೆ ಆ ಮನುಷ್ಯರನ್ನು ಪರೀಕ್ಷೆಗೆ ತಲುಪಿಸದೆ ಬರಬಾರದೆಂದು ಅಧ್ಯಾಪಕರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಅವಳ ಜೊತೆ ಮುನಿಸಿಪಲ್ ದವಾಖಾನೆಗೆ ಹೋದೆವು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಬೇಕೆಂಬುದು ನಿಯಮ, ಪರೀಕ್ಷೆಯೂ ಪುಕ್ಕಟೆ, ಔಷಧವೂ ಪುಕ್ಕಟೆ. ವರದಿಯಲ್ಲಿ ಕ್ಷಯವೆಂದೇ ಬಂತು. ಮನೆಯಲ್ಲಿ ಒಂದೇ ಒಲೆಯ ಐದು ಜನ. ಅವರನ್ನೂ ಪರೀಕ್ಷಿಸಿದರು. ಪುಣ್ಯಕ್ಕೆ ಇನ್ನಾರಿಗೂ ರೋಗ ಕಾಣಲಿಲ್ಲ. ಚಿಕ್ಕ ಮಗುವಿಗೆ ಬಾರದಂತೆ ಮಾತ್ರೆ ಶುರು ಮಾಡಿದರು. ಅವಳಿಗೆ ಆರು ತಿಂಗಳ ಔಷಧ, ಈಗ ನಾಲ್ಕನೆಯದು ನಡೆಯುತ್ತಿದೆ. ಮೊದಲ ತಿಂಗಳು ಮಾತ್ರೆ ನುಂಗಿ ವಾಂತಿಯಾಗುತ್ತದೆಂದು ಬಿಟ್ಟುಬಿಡಲು ಹೊರಟಿದ್ದಳು. ಈಗ ಕೆಮ್ಮು ನಿಂತಿದೆ, ಸ್ವಲ್ಪ ಮೈ ತುಂಬಿಕೊಂಡಿದ್ದಾಳೆ, ಮತ್ತೆ ನಾಕಾಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಾಳೆ.

ಧಾರಾವಿಯಲ್ಲಿ ಕೆಮ್ಮಿದವರೆಲ್ಲ ಡಾಕ್ಟರ ಹತ್ತಿರ ಹೋಗಿಯೂ ಹೀಗೆಯೇ ಮೋಸ ಹೋಗುತ್ತಿದ್ದಾರೆಂದು ಈ ಅಂಕಣದಲ್ಲಿ ಗುಡುಗಬೇಕೆಂದಿದ್ದೆ. ಬರೆದೂ ಬಿಟ್ಟಿದ್ದೆ. ಹುಡುಗಿ ಓದಿ, ಆ ಸಾಲು ತೆಗೆಸಿದಳು. ಹದಿನೈದು ಮನೆಯಿಂದ ಧಾರಾವಿಯ ಬಗ್ಗೆ ಏನನ್ನೂ ಹೇಳಲಾಗದು, ಅದರಲ್ಲೂ ನಾವು ಹೋದದ್ದು ನಮಗೆ ಅನುಕೂಲವಾದ ಒಂದೇ ಗಲ್ಲಿಗೆ, ಹೇಳಬಹುದಾದದ್ದು ನಮ್ಮ ಪ್ರಶ್ನೆ ಸರಿಯಿರಲಿಲ್ಲ ಎಂಬುದಷ್ಟೇ ಎಂದಳು. ಇಪ್ಪತ್ತಮೂರು ವರ್ಷದ ಹುಡುಗಿ ಐವತ್ತು ದಾಟಿದವಳ ಲೇಖನ ತಿದ್ದುವುದು ಸುಲಭವಾಗಿ ಸಹಿಸುವ ಮಾತಲ್ಲ. ಆದರೂ ತೆಗೆದಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ ಈ ಓದು ಬೇಕೆನ್ನಿಸಿದರೆ ದೂರ ಹೋಗಬೇಕಾಗಿಲ್ಲ. ದೇವನಾರದಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿದೆ. ಅದರ ಹತ್ತಿರವೇ 1956ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು 1992-93ರಿಂದ ನಡೆಸಿಕೊಂಡು ಬಂದವರು ಅವರೇ. 2019-21ರ ಐದನೆಯ ಸಮೀಕ್ಷೆಯಲ್ಲಿ 6 ಲಕ್ಷ 36 ಸಾವಿರಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿದ್ದಾರೆ. ಡಾಕ್ಟರಾಗಿಯೇ ಇರಬೇಕೆಂಬ ನಿಯಮ ಎಲ್ಲ ಕಡೆಯೂ ಇಲ್ಲ. ಲೆಕ್ಕಕ್ಕೆ ಹೆದರುವವರು ಸ್ವಲ್ಪ ಹೆದರಬೇಕಾಗುತ್ತದೆ, ಆದರೆ ಹತ್ತನೆಯ ತರಗತಿಯ ಲೆಕ್ಕ ಗಟ್ಟಿಯಿದ್ದರೆ ಉಳಿದದ್ದನ್ನು ಕಲಿಸುತ್ತಾರೆ. ಹೆಚ್ಚು ಬೇಕಾದದ್ದು ನಡೆಯಲು ಕಾಲು, ಕೇಳಿಸಿಕೊಳ್ಳಲು ಕಿವಿ.

ಅಂದ ಹಾಗೆ, ಆ ಹದಿನಾಲ್ಕನೆಯ ಪ್ರಶ್ನೆ ಈಗ ಬದಲಾಗಿದೆ. ಚೌಕಗಳಿಲ್ಲ, ಖಾಲಿ ಗೆರೆಗಳಿವೆ. ಪ್ರಶ್ನೆ ಹೀಗಿದೆ: "ಕೆಮ್ಮು ಶುರುವಾದ ಮ್ಯಾಲ ಮೊದಲ ಏನು ಮಾಡಿದ್ರಿ? ಅದರ ಮುಂದ ಏನಾತು?" ಇದನ್ನು ತಿದ್ದಿಕೊಟ್ಟವಳು ಏಳನೆಯ ಮನೆಯವಳೇ. ಮುಂದಿನ ಸುತ್ತಿನಲ್ಲಿ ಮನೆಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ, ಮನೆಗಳೂ ಹೆಚ್ಚು. ಹುಡುಗಿಗೆ ಜೊತೆಗೆ ಬಂದು ಮಾತಾಡಿಸಲು ಕನ್ನಡ ಬರುವ ನಾಲ್ಕೈದು ಜನ ಬೇಕಾಗಿದ್ದಾರೆ. ಒತ್ತಕ್ಷರ ತಪ್ಪಿದರೂ ನಡೆಯುತ್ತದೆ. ಎರಡು ದಿನ ತರಬೇತಿ ಕೊಡುತ್ತಾರೆ. ಬರುವವರು ಈ ತಿಂಗಳ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿ. ಹೊರಡುವುದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಮಾಟುಂಗ ಸ್ಟೇಷನ್ನಿನ ಹೊರಗೆ ಹೂವಿನ ಅಂಗಡಿಗಳ ಹತ್ತಿರ ಸೇರೋಣ. ನೀರಿನ ಬಾಟಲಿ ತನ್ನಿ. ಇಸ್ತ್ರಿ ಬಟ್ಟೆ ಬೇಡ.